ಅತ್ತೆಯ ಹೆಸರಿಗೆ ಅಕ್ಷರ

“ಆಂಟಿ, ಫಾಂಟ್ ಯಾವುದು ಇರಲಿ?” ಎಂದು ಆ ಹುಡುಗಿ ಕೇಳಿದಾಗ ನಾನು ಹಂಚಿನ ಮೇಲಿನ ರೊಟ್ಟಿಗೆ ಬಟ್ಟೆಯಿಂದ ನೀರು ಸವರುತ್ತಿದ್ದೆ. ಯಾವುದಾದರೂ ಇರಲಿ, ಅಕ್ಷರ ಅಕ್ಷರವೇ ತಾನೇ ಎಂದುಬಿಟ್ಟೆ. ಆ ಮಾತನ್ನು ಅವಳು ಆಮೇಲೆ ನನಗೆ ಎಷ್ಟು ಸಲ ತಿರುಗಿ ಕೇಳಿಸಿದಳೋ ಲೆಕ್ಕವಿಲ್ಲ. ಅವಳು ತೋರಿಸಿದ ಒಂದೊಂದು ನಮೂನೆಯನ್ನೂ ನಾನು ಬೇಡ ಎಂದಾಗಲೆಲ್ಲ, “ಯಾವುದಾದ್ರೂ ಇರ್ಲಿ ಅಂದಿದ್ರಲ್ಲ ಆಂಟಿ” ಎಂದು ನಗುತ್ತಿದ್ದಳು.

ಹುಡುಗಿ ಮೈಸೂರಿನವಳು, ನಮ್ಮ ಹಾಗೆ ಈ ತೆಲುಗು ನಗರಕ್ಕೆ ಬಂದವಳು. ಕೆಲಸ ಸಾಫ್ಟ್‌ವೇರ್ ಕಂಪನಿಯಲ್ಲಿ, ಬಿಡುವಾದರೆ ಚಿತ್ರ ಬರೆಯುವ ಹುಚ್ಚು. ಮಿಯಾಪುರದ ದೊಡ್ಡದೊಂದು ಅಪಾರ್ಟ್‌ಮೆಂಟಿನಲ್ಲಿ ಗೆಳತಿಯರ ಜೊತೆ ಇದ್ದಾಳೆ. ನನ್ನ ಗಂಡ ಅಲ್ಲಿಯೇ ಲಿಫ್ಟು, ಪಂಪು, ಜನರೇಟರು ನೋಡಿಕೊಳ್ಳುತ್ತಾರೆ. ನಮ್ಮ ಈಗಿನ ಮನೆ ಅದರ ಹಿಂದಿನ ಗಲ್ಲಿಯಲ್ಲಿ. ಮನೆಯಲ್ಲೇ ಮಾಡಿ ಕೊಡುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ಗೇಟಿನ ಎದುರೇ ಒಂದು ಮಳಿಗೆ ಹಿಡಿದು ಅಂಗಡಿ ಮಾಡೋಣವೆಂದು ನಾವು ನಿಶ್ಚಯಿಸಿದಾಗ, ಬೋರ್ಡು, ಪಾಕೀಟಿನ ಮೇಲಿನ ಚೀಟಿ, ವಿಸಿಟಿಂಗ್ ಕಾರ್ಡು ಎಲ್ಲವನ್ನೂ ತಾನೇ ಮಾಡಿಕೊಡುತ್ತೇನೆಂದು ಮುಂದೆ ಬಂದಳು. ಅದಕ್ಕೆ ಅವಳ ಲೋಕದಲ್ಲಿ ಬ್ರ್ಯಾಂಡ್ ಐಡೆಂಟಿಟಿ ಎನ್ನುತ್ತಾರಂತೆ. “ಎಲ್ಲಾ ಕಡೆ ಒಂದೇ ಥರದ ಅಕ್ಷರ ಇರ್ಬೇಕು ಆಂಟಿ. ನೋಡಿದ ತಕ್ಷಣ ಇದು ನಿಮ್ಮದೇ ಅಂತ ಗೊತ್ತಾಗ್ಬೇಕು. ನಿಮ್ಮ ಅಂಗಡಿಗೆ ಅದೇ ಮುಖ” ಎಂದಳು.

ಅಂಗಡಿಗೆ ಯಾವ ಹೆಸರು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನ್ನ ಅತ್ತೆಯ ಹೆಸರು. ಅತ್ತೆ ತೀರಿಕೊಂಡು ಆಗ ವರ್ಷ ತುಂಬಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದನ್ನು ಅಚ್ಚು ಹಾಕುವವರು ಯಾವ ಅಕ್ಷರದಲ್ಲಿ ಹಾಕುತ್ತಾರೋ ಯಾರಿಗೆ ಗೊತ್ತು? ಇಷ್ಟು ಕಷ್ಟಪಟ್ಟ ಮೇಲೆ ಮತ್ತೆ ಆ ಪಾಡು ನನಗೆ ಬೇಡ. ನಮ್ಮ ಕಡೆಯ ಹಳೆಯ ಹೆಸರು, ಕೊನೆಯಲ್ಲಿ ‘ವ್ವ’ ಬರುವಂಥದ್ದು, ಅಷ್ಟು ತಿಳಿದರೆ ಸಾಕು.

ಸೊಸೆ ಅತ್ತೆಯನ್ನು ನೆನೆದು ಅಳುತ್ತಾಳೆಂದರೆ ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಮದುವೆಯಾಗಿ ಬಂದದ್ದು ಇದೇ ನಗರದ ಇನ್ನೊಂದು ತುದಿಯಲ್ಲಿರುವ ಉಪ್ಪಲ್‌ನ ಎರಡು ಕೋಣೆಯ ಬಾಡಿಗೆ ಮನೆಗೆ. ಮಾವ ರಾಯಚೂರು ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತವರು. ಅವರ ಜೊತೆ ಕಟ್ಟಡದ ಕೆಲಸಕ್ಕೆ ಬರುತ್ತಿದ್ದ ನಮ್ಮ ಕಡೆಯ ಜನ ಇಲ್ಲಿಯ ಅನ್ನ ತಿಂದು ಹೊಟ್ಟೆ ತುಂಬಲಿಲ್ಲ ಎನ್ನುತ್ತಿದ್ದರಂತೆ. ಅತ್ತೆ ಅವರಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದರು. ನಾನು ಬರುವ ಹೊತ್ತಿಗೆ ಬೆಳಗಾಗುತ್ತಲೇ ಬಾಗಿಲಲ್ಲಿ ಜನ ನಿಲ್ಲುತ್ತಿದ್ದರು. ಹೊಸ ಮದುಮಗಳು ನಾನು, ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು. ಅತ್ತೆ ಬೈಯಲಿಲ್ಲ. ಸೀಳಿದ್ದನ್ನು ತಾವೇ ತಿಂದರು. “ಹರದ ರೊಟ್ಟಿ ಹೊಟ್ಟ್ಯಾಗ ಹೋಗಿ ಏನ್ ಹೊಲಿಗಿ ಕೇಳ್ತೈತೇನ್ ಹುಡುಗಿ?” ಎನ್ನುತ್ತಿದ್ದರು.

ಅವರನ್ನು ಹೆಸರಿನಿಂದ ಕರೆದವರನ್ನು ನಾನು ಕಂಡದ್ದು ಒಬ್ಬರನ್ನೇ, ಅವರ ಅಣ್ಣನನ್ನು. ಮಾವನಿಗೆ ಅವರು ‘ಇಕಿ’, ಮಕ್ಕಳಿಗೆ ‘ಯವ್ವಾ’, ಕೆಲಸದವರಿಗೆ ‘ರೊಟ್ಟಿ ಅವ್ವ’, ಓಣಿಯ ತೆಲುಗರಿಗೆ ‘ರೊಟ್ಟೆಲಮ್ಮ’, ಮೂಲೆಯ ಮಟನ್ ಅಂಗಡಿಯ ಚಾಚಾನಿಗೆ ‘ರೋಟಿವಾಲಿ ಅಮ್ಮಾ’. ಅಣ್ಣ ವರ್ಷವರ್ಷವೂ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರುತ್ತಿದ್ದರು. ಉಪ್ಪಲ್‌ನ ಆ ಓಣಿಯಲ್ಲಿ ಎಲ್ಲ ಮನೆಯೂ ಒಂದೇ ಥರ. ಪ್ರತಿವರ್ಷ ಬಂದರೂ ಅವರಿಗೆ ಮನೆ ಗುರುತು ಸಿಗುತ್ತಿರಲಿಲ್ಲ, ಅಥವಾ ಗುರುತು ಹಿಡಿಯುವ ಗೋಜಿಗೇ ಅವರು ಹೋಗುತ್ತಿರಲಿಲ್ಲ. ಓಣಿಯ ತುದಿಯಲ್ಲಿ ನಿಂತು ಹೊಲದಲ್ಲಿ ಕೂಗಿದ ಹಾಗೆ ತಂಗಿಯ ಹೆಸರು ಹಿಡಿದು ಕೂಗುತ್ತಿದ್ದರು. ಎಲ್ಲ ಮನೆಯ ಕಿಟಕಿಗಳೂ ತೆರೆಯುತ್ತಿದ್ದವು. ಅತ್ತೆ “ಓ, ಬಂದ್ನೋ ಯಣ್ಣಾ!” ಎಂದು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದರು. ಅಷ್ಟು ದಪ್ಪ ಶರೀರ ಹಾಗೆ ಓಡುವುದನ್ನು ನೋಡಲಿಕ್ಕೇ ನಾನು ಪಂಚಮಿಗೆ ಕಾಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಕರ್‍ರಗೆ ಸೀಯುತ್ತಿತ್ತು. ವರ್ಷದಲ್ಲಿ ಅತ್ತೆಯ ರೊಟ್ಟಿ ಸೀದುಹೋಗುತ್ತಿದ್ದುದು ಆ ಒಂದು ದಿನ ಮಾತ್ರ.

ಅಣ್ಣ ಹೋದ ಮೇಲೆ ಪಂಚಮಿ ಸುಮ್ಮನೆ ಬಂದು ಸುಮ್ಮನೆ ಹೋಯಿತು.

ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ಸಲ ಚೀಟಿ ನೋಡಿ ನರ್ಸಮ್ಮ ಅವರ ಹೆಸರು ಕೂಗಿದಳು. ಅತ್ತೆ ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದಳು. ನಾನು ಮೊಳಕೈಯಿಂದ ತಿವಿದು, “ಅತ್ತೀ, ನಿಮ್ಮನ್ನರೀ ಕರಿಯಾಕತ್ತಾರ” ಎಂದೆ. “ನನ್ನೇನು?” ಎಂದು ಬೆರಗಾಗಿ ನೋಡಿದರು, ಆಮೇಲೆ ನಕ್ಕರು. ಒಳಗೆ ಹೋಗಿ ಬಂದು ಬೆಂಚಿನ ಮೇಲೆ ಕೂತಾಗ ಹೇಳಿದರು, “ಅಣ್ಣ ಹ್ವಾದ ಮ್ಯಾಲ ನನ್ನ ಹೆಸರ್ಲೆ ಕರಿಯಾವರು ಯಾರೂ ಉಳಿಲಿಲ್ಲ ನೋಡು. ಯಾರರೆ ಕರದ್ರ ಬ್ಯಾರೇ ಯಾರನ್ನೋ ಕರದಂಗ ಆಕ್ಕೈತಿ. ಒಮ್ಮೆ ಯಾರರೆ ಗಟ್ಟ್ಯಾಗಿ ಕರದಿದ್ರ ಚಲೋ ಆಗ್ತಿತ್ತು.” ಸೊಸೆ ಅತ್ತೆಯ ಹೆಸರು ಹಿಡಿದು ಕರೆಯಲಾದೀತೆ? ಎಳನೀರು ತಂದುಕೊಡಲೇ ಎಂದು ಕೇಳಿದೆ.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಅಂಗಡಿ ಎಂದೊಡನೆ ನನಗೆ ಬೇಕಾದದ್ದು ಒಂದೇ: ದಾರಿಯಲ್ಲಿ ಹೋಗುವವರು ಆ ಹೆಸರನ್ನು ಬಾಯಿಬಿಟ್ಟು ಕರೆಯಬೇಕು. ಇದನ್ನು ಮೈಸೂರಿನ ಹುಡುಗಿಗೆ ಹೇಗೆ ಹೇಳುವುದು? “ಓದಿದ್ರ ಕರದಂಗ ಆಗಬೇಕವ್ವ” ಎಂದೆ. ಅವಳು ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದಳು.

ಅತ್ತೆಯ ಹೆಸರು ಒಂದರ ಕೆಳಗೊಂದು ಸಾಲಾಗಿ, ಬೇರೆ ಬೇರೆ ನಮೂನೆಯಲ್ಲಿ ಬಂದು ನಿಂತಿತು. ಹುಡುಗಿ ಒಂದೊಂದರ ಗುಣ ಹೇಳುತ್ತಾ ಹೋದಳು, ನನಗೆ ಒಂದೊಂದರಲ್ಲೂ ಬೇರೆ ಹೆಂಗಸು ಕಾಣಿಸಿದಳು. ಒಂದು ತೆಳ್ಳಗೆ, ನೆಟ್ಟಗೆ. ಸೋಮವಾರ, ಗುರುವಾರ, ಶನಿವಾರ ಎಲ್ಲ ಉಪವಾಸ ಮಾಡುವವಳು. ಒಂದು ಉಬ್ಬಿಕೊಂಡು ಗುಂಡಗೆ, ಅಂಗನವಾಡಿಯ ಗೋಡೆಯ ಮೇಲಿನ ಚಿತ್ರದವಳು. ಒಂದು ದಪ್ಪಗೆ ಕಪ್ಪಗೆ, ಕೈಮುಗಿದು ಮತ ಕೇಳಲು ಬಂದವಳು. ಒಂದಕ್ಕೆ ಮೇಲೂ ಕೆಳಗೂ ಬಳ್ಳಿ, ಹೂವು, ಸುರುಳಿ. ಮೂಗಿಗಿಂತ ಮೂಗುತಿ ಭಾರ. “ಈ ಎರಡರಲ್ಲಿ ಯಾವುದು ಆಂಟಿ?” ಎಂದು ಕೇಳಿದಾಗ ಎರಡನ್ನೂ ಕಣ್ಣು ಕಿರಿದು ಮಾಡಿ ನೋಡಿದೆ. ಅಳಿಯ ಅಲ್ಲ, ಮಗಳ ಗಂಡ. “ಇಲ್ಲಾ ಆಂಟಿ, ಇದರ ತಲೆಕಟ್ಟು ನೋಡಿ, ಸ್ವಲ್ಪ ಓಪನ್ ಆಗಿದೆ” ಎಂದು ವಾದಿಸಿದಳು. ಆ ವಯಸ್ಸಿನ ಹುಡುಗಿಗೆ ತಲೆಕಟ್ಟಿನ ಮೇಲೆ ಅಷ್ಟು ಪ್ರೀತಿ ಇರುವುದನ್ನು ನೋಡಿ ನನಗೆ ಖುಷಿಯೇನೋ ಆಯಿತು.

ಆಮೇಲೆ ಅವಳು ತುಂಬಾ ಸರಳವಾದ, ಪುಸ್ತಕದಲ್ಲಿರುವಂಥ ಅಕ್ಷರ ತೋರಿಸಿದಳು. “ಇದು ಸೇಫ್. ಕ್ಲೀನ್ ಆಗಿದೆ, ದೂರದಿಂದಲೂ ಓದ್ಬಹುದು.” ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅತ್ತೆಯ ಹೆಸರನ್ನು ನಾನು ಮೊದಲ ಸಲ ದೊಡ್ಡದಾಗಿ ಕಂಡದ್ದು ಅದೇ ಅಕ್ಷರದಲ್ಲಿ. ಅವರು ಹೋದಾಗ ನಮ್ಮೂರಿನ ಹುಡುಗರು ಅಲ್ಲಿಯ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿ, ಸುತ್ತ ಗುಲಾಬಿ ಹೂ ಇಟ್ಟು, ಕೆಳಗೆ ಹೆಸರು, ಅದರ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಬದುಕಿರುವಾಗ ಎಲ್ಲೂ ಇಲ್ಲದ ಹೆಸರು, ಸತ್ತ ಮೇಲೆ ಅಷ್ಟಗಲ! ನಾನು ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟೆ. ಹುಡುಗಿ ಗಾಬರಿಯಾಗಿ ಬೆರಳು ಹಿಂದಕ್ಕೆಳೆದುಕೊಂಡಳು.

“ಅವರು ಕೈಯಲ್ಲಿ ಬರೆದದ್ದು ಏನಾದ್ರೂ ಇದ್ಯಾ ಆಂಟಿ? ಅದನ್ನೇ ಇಟ್ಕೊಂಡು ಮಾಡ್ಬಹುದು” ಎಂದು ಮರುದಿನ ಕೇಳಿದಳು. ಅತ್ತೆಗೆ ಬರೆಯಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದರು. ಹಾಗಾದರೆ ಎಲ್ಲಾದರೂ ಯಾರಾದರೂ ಬರೆದಿರುತ್ತಾರಲ್ಲ ಎಂದಳು. ಪಾತ್ರೆಗಳ ಮೇಲೆ ಇದ್ದೀತು ಎಂದು ನನಗೆ ಹೊಳೆದದ್ದು ಆಗ.

ನಮ್ಮಲ್ಲಿ ಮದುವೆಗೆ ಪಾತ್ರೆ ಮುಯ್ಯಿ ಮಾಡುವಾಗ ಹೆಸರು ಹಾಕಿಸಿಯೇ ಕೊಡುವುದು. ಕರೆಂಟಿನ ಸೂಜಿಯಿಂದ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ತಾಟಿನ ಅಂಚಿನಲ್ಲಿ, ಕೊಡದ ಕಂಠದಲ್ಲಿ ಇರುತ್ತದೆ. ಅಟ್ಟದ ಮೇಲಿಂದ ಗೋಣಿಚೀಲಗಳನ್ನು ಇಳಿಸಿ ಎಲ್ಲ ಪಾತ್ರೆ ಹರವಿಕೊಂಡು ಕೂತೆ. ಹುಣಸೆಹಣ್ಣು ಹಚ್ಚಿ ತಿಕ್ಕಿದಷ್ಟೂ ಹೆಸರುಗಳು ಎದ್ದು ಬಂದವು. ಮಾವನ ಹೆಸರು, ಮಾವನ ಅಪ್ಪನ ಹೆಸರು, ಅತ್ತೆಯ ಅಣ್ಣನ ಹೆಸರು, ಭಾವನ ಹೆಸರು, ನನ್ನ ಗಂಡನ ಹೆಸರು, ಯಾರೋ ಊರಗೌಡರ ಹೆಸರು. ಅವುಗಳನ್ನು ಬೆಳಗಿ ಬೆಳಗಿ ಬೆರಳು ಸವೆಸಿಕೊಂಡವರ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ಕೊಟ್ಟವರ ಹೆಸರು ಹಾಕುವುದು ಪದ್ಧತಿ, ಪಡೆದವಳದ್ದಲ್ಲ. ಅದು ನನಗೆ ಗೊತ್ತಿದ್ದದ್ದೇ. ಆದರೂ ಸಿಟ್ಟು ಬಂತು. ಪಾತ್ರೆಗಳನ್ನು ಸದ್ದು ಮಾಡುತ್ತಾ ಎತ್ತಿಟ್ಟೆ, ಗಂಡ ಹೊರಗಿನಿಂದ “ಏನಾತು?” ಎಂದರೆ “ನಿಮ್ಮ ಹೆಸರ ಮಸ್ತ್ ಹೊಳಿಯಾಕತ್ತೈತಿ” ಎಂದೆ.

ದಿನಾ ಬಳಸುವ ಪರಾತ ಮಾತ್ರ ಅಡುಗೆಮನೆಯಲ್ಲೇ ಇತ್ತು. ಹಿಟ್ಟು ನಾದುವ ದೊಡ್ಡ ಸ್ಟೀಲಿನ ಪರಾತ. ಅತ್ತೆ ತಮ್ಮ ಸ್ವಂತ ದುಡಿಮೆಯಲ್ಲಿ ಕೊಂಡ ಒಂದೇ ಪಾತ್ರೆ. ಅದನ್ನು ತರಲು ಸುಲ್ತಾನ್ ಬಜಾರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ ಮುದುಕ, ಏನು ಹೆಸರು ಹಾಕಲಿ ಎಂದು ಕೇಳಿದ. ಅತ್ತೆ ಥಟ್ಟನೆ ನನ್ನ ಹೆಸರು ಹೇಳಿದರು. “ನಿಮ್ಮದು ಹಾಕಸ್ರೀ ಅತ್ತೀ” ಎಂದು ನಾನು ಕೈ ಹಿಡಿದೆ. “ನಂದ್ಯಾಕಬೇ? ನನಗ ಓದಾಕ ಬರಾಂಗಿಲ್ಲ. ನಿಂದಿದ್ರ ನೀನರೆ ಓದಕೊಂತಿ” ಎಂದರು. ಎಷ್ಟೋ ವರ್ಷ ಅದರಲ್ಲೇ ಹಿಟ್ಟು ನಾದಿದ್ದೇನೆ, ಅಂಚಿನಲ್ಲಿ ನನ್ನ ಹೆಸರು ಹೆಬ್ಬೆರಳಿಗೆ ತಾಗುತ್ತದೆ. ಅವರಿದ್ದಾಗ ಅದು ನನಗೆ ಹೆಮ್ಮೆಯಾಗಿತ್ತು.

ಇತ್ತ ನನ್ನ ಗಂಡನಿಗೆ ತಾಳ್ಮೆ ಮುಗಿದಿತ್ತು. ತಾಯಿಯ ಮೇಲೆ ಪ್ರೀತಿ ಇಲ್ಲದವರಲ್ಲ, ಆದರೆ ಅವರ ಪ್ರೀತಿ ಬಾಯಿಗೆ ಬರುವುದಿಲ್ಲ, ಹಲ್ಲು ಕಚ್ಚಿಕೊಂಡು ಕೂತಿರುತ್ತದೆ. “ಮಿಯಾಪುರದಾಗ ಕನ್ನಡ ಓದಾವರು ಎಷ್ಟ್ ಮಂದಿ ಅದಾರ? ತೆಲುಗು ದೊಡ್ಡದ ಹಾಕು, ಇಂಗ್ಲಿಷ್ ಹಾಕು. ರೊಟ್ಟಿ ಚಲೋ ಇದ್ರ ಬರ್ತಾರ. ಹೆಸರ ನೋಡಿ ಯಾರ ತಿಂತಾರ?” ಎಂದರು. ಬೋರ್ಡಿನ ಮೇಲ್ಗಡೆ ತೆಲುಗು ಇರಬೇಕಾದದ್ದು ಇಲ್ಲಿಯ ರೀತಿ. ಅದಕ್ಕೆ ನನ್ನ ತಕರಾರಿರಲಿಲ್ಲ. ಅದರ ಕೆಳಗೆ ಕನ್ನಡ ಬರಬೇಕು, ಅದೂ ದೊಡ್ಡದಾಗಿ ಬರಬೇಕು. ಕಟ್ಟಡದ ಕೆಲಸಕ್ಕೆ ಬರುವ ನಮ್ಮ ಜನ ಗಲ್ಲಿಗಲ್ಲಿಯಲ್ಲಿದ್ದಾರೆ, ಐಟಿ ಹುಡುಗ ಹುಡುಗಿಯರಿದ್ದಾರೆ ಎಂದು ಹಟ ಹಿಡಿದೆ. ಹಟ ಹಿಡಿದು ಹಿಡಿದು ನನಗೇ ಸಾಕಾಗಿ, ಒಂದು ಸಂಜೆ “ಹೋಗ್ರಿ, ನಿಮಗ ತಿಳಿದದ್ದು ಮಾಡಸ್ಕೊಂಡು ಬರ್ರಿ” ಎಂದೆ.

ಅವರು ಮಾಡಿಸಿಕೊಂಡು ಬಂದರು. ಹುಡುಗಿ ಕಳಿಸಿದ್ದ ಒಂದು ನಮೂನೆಯನ್ನು ಫ್ಲೆಕ್ಸ್ ಅಂಗಡಿಯವನಿಗೆ ಕೊಟ್ಟಿದ್ದರು. ಅವನ ಕಂಪ್ಯೂಟರಿನಲ್ಲಿ ಆ ಕನ್ನಡ ಫಾಂಟು ಇರಲಿಲ್ಲ. ಬೇರೆ ಯಾವುದೋ ಬಂದು ಕೂತು ಅತ್ತೆಯ ಹೆಸರಿನ ಕೊನೆಯ ಒತ್ತನ್ನು ಕಿತ್ತು ಪಕ್ಕಕ್ಕೆ ಎಸೆದಿತ್ತು. ಕೆಳಗೆ ತೂಗಬೇಕಾದ ವ ಒತ್ತು ಒಂದು ಪೂರಾ ‘ವ’ ಆಗಿ ಬೇರೆ ನಿಂತಿತ್ತು, ಅದರ ಹಿಂದಿನದರ ತಲೆಯ ಮೇಲೆ ಬಾಲದಂಥದ್ದೊಂದು ಎದ್ದಿತ್ತು. ಪ್ರೆಸ್ಸಿನವನಿಗೆ ಕನ್ನಡ ಬಾರದು, ಅವನ ತಪ್ಪೇನು? ಗಂಡನಿಗೆ ಬರುತ್ತದಲ್ಲ! “ಏನಾಗೈತಿ? ಓದಾಕ ಬರ್ತೈತಲ್ಲ” ಎಂದರು.

“ನಿಮ್ಮವ್ವನ ಕಾಲು ಮುರದು ಬಾಜೂಕ ಇಟ್ಟಾರ. ಕಾಣಸವಲ್ದೇನು?” ಎಂದು ನಾನು ಕೂಗಿದೆ. ಗಲ್ಲಿಗೆಲ್ಲ ಕೇಳಿಸಿರಬೇಕು. ಅವರು ಫ್ಲೆಕ್ಸನ್ನು ಇನ್ನೊಮ್ಮೆ ನೋಡಿದರು. ಅದನ್ನು ಸುತ್ತಿ ಮೂಲೆಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, “ಮತ್ತ ಏನ್ ಮಾಡೂಣು?” ಎಂದು ಮೆಲ್ಲಗೆ ಕೇಳಿದರು. ಆ ದನಿ ಕೇಳಿ ನನ್ನ ಸಿಟ್ಟು ಇಳಿದುಹೋಯಿತು. ಅವರಿಗೂ ತಾಯಿ ಬೇಕಾಗಿತ್ತು.

ಬೋರ್ಡಿಗಿಂತ ಮೊದಲು ಪಾತ್ರೆಗೆ ಹೆಸರು ಹಾಕಿಸಬೇಕು ಎಂದು ನನಗೆ ಅನಿಸಿತು. ಯಾಕೆ ಎಂದರೆ ಯಾಕೋ. ಹೆಸರು ಮೊದಲು ಮನೆಯಲ್ಲಿ ಇರಬೇಕು, ಆಮೇಲೆ ಬೀದಿಗೆ ಹೋಗಬೇಕು ಎಂಬಂಥದ್ದೇನೋ. ಪರಾತವನ್ನು ಅತ್ತೆಯ ಹಳೆಯ ಇಳಕಲ್ ಸೀರೆಯಲ್ಲಿ ಕಟ್ಟಿ, ಹುಡುಗಿಯನ್ನು ಜೊತೆ ಮಾಡಿಕೊಂಡು ರವಿವಾರ ಮೆಟ್ರೋ ಹತ್ತಲು ಹೋದೆ. ಚೀಲ ನೋಡುವ ಯಂತ್ರದ ಬಾಯಿಗೆ ಪರಾತ ಹಿಡಿಯಲಿಲ್ಲ. ಕಾವಲಿನ ಹೆಂಗಸು “ಏಂಟಮ್ಮಾ ಇದಿ?” ಎಂದು ಸೀರೆಯ ಗಂಟು ಬಿಚ್ಚಿಸಿದಳು, ತಟ್ಟಿ ನೋಡಿದಳು. “ಮಾ ಅತ್ತಗಾರಿದಿ” ಎಂದೆ. ಅತ್ತೆಯದು ಎಂದೊಡನೆ ಏನನಿಸಿತೋ, ನಕ್ಕು ಬಿಟ್ಟುಕೊಟ್ಟಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಸುಲ್ತಾನ್ ಬಜಾರಿನಲ್ಲಿ ಆ ಮುದುಕ ಇರಲಿಲ್ಲ. ಅದೇ ಜಾಗದಲ್ಲಿ, ಬಹುಶಃ ಅದೇ ಸ್ಟೂಲಿನ ಮೇಲೆ, ಇನ್ನೊಬ್ಬ ಕೂತಿದ್ದ. ಸುತ್ತಲೂ ಬಟ್ಟೆ ಮಾರುವವರ ಕೂಗಾಟ, ಅದರ ನಡುವೆ ಅವನ ಸೂಜಿಯ ಟರ್ರ್ ಸದ್ದು. ಕನ್ನಡದಲ್ಲಿ ಹೆಸರು ಹಾಕಬೇಕು ಎಂದೆ. “ಕನ್ನಡಾ ನೈ ಆತಾ ಅಮ್ಮಾ. ತೆಲುಗು ಡಾಲೂಂ?” ಎಂದ, ಕನ್ನಡ ಬಾರದು, ತೆಲುಗಿನಲ್ಲಿ ಹಾಕಲೇ ಎಂದು. ಬೇಡ ಎಂದೆ. ಹುಡುಗಿ ತನ್ನ ಫೋನಿನಲ್ಲಿ ಅಚ್ಚಿನ ಅಕ್ಷರ ತೋರಿಸಿದಳು. ಅವನು ನೋಡಿ ತಲೆ ಅಲ್ಲಾಡಿಸಿ ಸ್ಕೆಚ್ ಪೆನ್ನು ನನ್ನ ಕೈಗೆ ಕೊಟ್ಟ. “ಆಪಿಚ್ ಲಿಖೋ ಅಮ್ಮಾ, ಸೀದಾ ಬರ್ತನ್ ಪೇಚ್. ಮೈಂ ಉಸ್ಕೇ ಊಪರ್ ಚಲಾತೂಂ.” ನೀವೇ ಬರೆಯಿರಿ, ನಾನು ಅದರ ಮೇಲೆ ಸೂಜಿ ಓಡಿಸುತ್ತೇನೆ ಎಂದು.

ಪೆನ್ನು ಹಿಡಿದು ಕೂತೆ. ಆ ಹೆಸರನ್ನು ನಾನು ಅಲ್ಲಿಯವರೆಗೆ ಬಾಯಲ್ಲಿ ಆಡಿರಲಿಲ್ಲ, ಕೈಯಲ್ಲಿ ಬರೆದಿರಲಿಲ್ಲ. ಆಸ್ಪತ್ರೆಯ ಫಾರಮ್ಮುಗಳನ್ನೂ ಗಂಡನೇ ಮೊದಲೇ ತುಂಬಿಕೊಡುತ್ತಿದ್ದರು, ಹುಡುಗಿಗೂ ಹೆಸರು ಬರೆದುಕೊಟ್ಟದ್ದು ಅವರೇ. ನನ್ನ ಅಕ್ಷರ ಚೆನ್ನಾಗಿಲ್ಲ. ಪಿಯುಸಿಗೆ ಬಿಟ್ಟ ಬರವಣಿಗೆ, ಆಮೇಲೆ ಕಿರಾಣಿ ಚೀಟಿಗಿಂತ ದೊಡ್ಡದೇನನ್ನೂ ಬರೆದವಳಲ್ಲ. ಪರಾತದ ಅಂಚಿನಲ್ಲಿ, ನನ್ನ ಹೆಸರಿನ ಪಕ್ಕದಲ್ಲಿ ಮೊದಲ ಅಕ್ಷರ ಬರೆದೆ. ಸ್ಟೀಲಿನ ಮೇಲೆ ಪೆನ್ನು ಜಾರಿತು, ಅಕ್ಷರ ಸ್ವಲ್ಪ ಅಗಲವಾಯಿತು, ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಂತೆ. ಒರೆಸಿ ಮತ್ತೆ ಬರೆಯಲೇ ಎಂದುಕೊಂಡು, ಬೇಡ ಎಂದು ಬಿಟ್ಟೆ. ಕೊನೆಯ ಒತ್ತನ್ನು ಗಟ್ಟಿಯಾಗಿ ಕೆಳಗಿಳಿಸಿದೆ. ಬರೆದು ಮುಗಿಯುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಿಸುತ್ತಿರಲಿಲ್ಲ. ಅವನು ಪರಾತವನ್ನು ಮಡಿಲಿಗೆ ಎಳೆದುಕೊಂಡು, ಟರ್ರ್ ಎಂದು ನನ್ನ ಗೆರೆಯ ಮೇಲೆ ಚುಕ್ಕಿ ಇಡುತ್ತಾ ಹೋದ.

“ಆಂಟಿ, ಇದೇ” ಎಂದಳು ಹುಡುಗಿ. ಅಲ್ಲೇ ಬಗ್ಗಿ ಫೋಟೋ ತೆಗೆದಳು.

ಫೋಟೋ ಇಟ್ಟುಕೊಂಡು ಆ ಚುಕ್ಕಿಗಳ ಮೇಲೆ ಅವಳು ಹೊಸದಾಗಿ ಗೆರೆ ಬರೆದಳು. ಚುಕ್ಕಿಚುಕ್ಕಿಯಾಗಿಯೇ ಇಟ್ಟರೆ ರಸ್ತೆಯ ಆಚೆಯಿಂದ ಕಾಣುವುದಿಲ್ಲ ಎಂದು ಗೆರೆಯನ್ನು ದಪ್ಪ ಮಾಡಿದಳು. ಅಗಲ ಹಾಗೇ ಬಿಟ್ಟಳು, ಪೆನ್ನು ಜಾರಿದ ಕಡೆ ಬಂದಿದ್ದ ಸೊಟ್ಟವನ್ನೂ ಬಿಟ್ಟಳು. ಒತ್ತು ಕತ್ತರಿಸಿಹೋಗದ ಹಾಗೆ ಬೋರ್ಡಿನ ಕೆಳಗೆ ಜಾಗ ಇಟ್ಟಳು. ಮೇಲಿನ ತೆಲುಗು ಸಾಲನ್ನೂ ಅದೇ ಅಗಲಕ್ಕೆ ಹೊಂದಿಸಿದಳು. “ಇನ್ಮೇಲೆ ಇದು ಫಾಂಟ್ ಅಲ್ಲ ಆಂಟಿ, ಚಿತ್ರ. ಯಾವ ಪ್ರೆಸ್ಸಿಗೆ ಕೊಟ್ರೂ ಏನೂ ಮುರಿಯಲ್ಲ” ಎಂದಳು. ಗಂಡ ಅದನ್ನು ನೋಡಿ, “ಸೊಟ್ಟ ಐತಿ” ಎಂದರು. ಆಮೇಲೆ ಫೋನನ್ನು ತಮ್ಮ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಇರ್ಲಿ ಬಿಡು” ಎಂದರು.

ಅಂಗಡಿ ಶುರುವಾಯಿತು. ಪೂಜೆಯ ದಿನ ಗಲ್ಲಿಯವರೆಲ್ಲ ಬಂದರು, ಹೋಳಿಗೆ ತಿಂದರು. ರೊಟ್ಟಿಯನ್ನು ಎಲ್ಲರೂ ಹೊಗಳಿದರು. ಬೋರ್ಡನ್ನು ಒಬ್ಬರೂ ಓದಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ಅಪಾರ್ಟ್‌ಮೆಂಟಿನವರು ‘ಆಂಟಿ’ ಎಂದರು, ತೆಲುಗರು ‘ಅಕ್ಕಾ’ ಎಂದರು, ಡೆಲಿವರಿಯವರು ‘ಮೇಡಂ’ ಎಂದರು. ಐಟಿಯ ಹುಡುಗರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಂದು ಬೆರಳಲ್ಲೇ ಲೆಕ್ಕ ತೋರಿಸಿ ಹೋದರು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ಸಂಜೆ ಶಟರ್ ಎಳೆಯುವಾಗ ದಿನವೂ ತಲೆಯೆತ್ತಿ ಅತ್ತೆಯ ಹೆಸರು ನೋಡುತ್ತಿದ್ದೆ. ಮುಖವೇನೋ ಸಿಕ್ಕಿತ್ತು; ಮಾತಾಡಿಸುವವರು ಬರಲಿಲ್ಲ. ನಾನೊಬ್ಬಳೇ ಇದ್ದಾಗ ಒಮ್ಮೆ ಆ ಹೆಸರನ್ನು ಕರೆದು ನೋಡೋಣವೆಂದು ಬಾಯಿ ತೆರೆದದ್ದೂ ಉಂಟು. ನಾಲಿಗೆ ಹೊರಳಲಿಲ್ಲ. ಸೊಸೆಯ ನಾಲಿಗೆ.

ಪಂಚಮಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು, ನಾನು ಬೀದಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದೆ. ಒಂದು ರೊಟ್ಟಿ ಹಂಚಿನ ಮೇಲಿತ್ತು. ಹಿಂದೆ, ರಸ್ತೆಯ ಆಚೆಯಿಂದ, ಯಾರೋ ಬೋರ್ಡು ಓದುವುದು ಕೇಳಿಸಿತು. ಶಾಲೆಯ ಮುಖ ನೋಡಿ ಬಹಳ ವರ್ಷವಾದವರು ಓದುವ ಹಾಗೆ, ಒಂದೊಂದೇ ಅಕ್ಷರ. ಮೊದಲನೆಯದು. ಎರಡನೆಯದು. ಒತ್ತಿನ ಹತ್ತಿರ ಸ್ವಲ್ಪ ತಡೆದರು. ಆಮೇಲೆ ಎಲ್ಲ ಕೂಡಿಸಿಕೊಂಡು, ಟ್ರಾಫಿಕ್ಕಿನ ಸದ್ದಿನ ಮೇಲೆ ಕೇಳುವಂತೆ, ಹೊಲದಲ್ಲಿ ಕೂಗಿದ ಹಾಗೆ ಪೂರಾ ಹೆಸರು ಹಿಡಿದು ಕರೆದರು. ಕರೆದು, “ರೊಟ್ಟಿ ಅದಾವೇನಬೇ?” ಎಂದರು. ನಮ್ಮ ಕಡೆಯ ದನಿ.

ನನ್ನ ಕೈ ನಿಂತಿತು. ಬೀದಿಯ ಕಡೆಗೆ ತಿರುಗಲಿಲ್ಲ. ಹಿಟ್ಟಿನ ಚೀಲ ಇಟ್ಟಿದ್ದ ಒಳಕೋಣೆಯ ಕಡೆಗೆ ತಿರುಗಿ, “ಅತ್ತೀ, ನಿಮ್ಮನ್ನರೀ ಕರಿಯಾಕತ್ತಾರ” ಎಂದುಬಿಟ್ಟೆ.

ಒಳಗೆ ಚೀಲಗಳಿದ್ದವು, ಗ್ಯಾಸಿನ ಸಿಲಿಂಡರ್ ಇತ್ತು, ಗೋಡೆಗೆ ಒರಗಿಸಿಟ್ಟ ಪರಾತ ಇತ್ತು. ಸ್ವಲ್ಪ ಹೊತ್ತು ಕಾದೆ. ಏನನ್ನು ಕಾದೆನೋ ದೇವರೇ ಬಲ್ಲ. ಹೊರಗಿನವರು ಮತ್ತೊಮ್ಮೆ ಕರೆದರು, ಈ ಸಲ ತಡವರಿಸದೆ, ಅದೇ ಹೆಸರು. ತಲೆಗೆ ಟವೆಲ್ ಸುತ್ತಿದ, ಮೈಯೆಲ್ಲ ಸಿಮೆಂಟಿನ ಧೂಳಾದ ಮುದುಕರೊಬ್ಬರು ರಸ್ತೆ ದಾಟಲು ನಿಂತಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಏಳುತ್ತಿತ್ತು. ಸೀಯಲಿ ಎಂದು ಬಿಟ್ಟೆ. ಕರೆದವರಿಗೆ ಯಾರಾದರೂ ಓ ಎನ್ನಬೇಕಲ್ಲ.

“ಓ, ಬಂದ್ನಿ” ಎಂದು ಹಿಟ್ಟಿನ ಕೈಯಲ್ಲೇ ನಾನು ಓಡಿದೆ.